ಮೂರು ಲೋಹದ ಹುರಿ ಕಡಗ: ದೋಷದ ಮೂಲವನ್ನು ಪತ್ತೆ ಹಚ್ಚುವ ಬಗೆ

ತಾಮ್ರ, ಹಿತ್ತಾಳೆ ಮತ್ತು ಬೆಳ್ಳಿಯ ತಂತಿಗಳನ್ನು ಒಟ್ಟಿಗೆ ಹುರಿ ಹಾಕಿ ಮಾಡಿದ ಕಡಗಗಳು ನಮ್ಮ ಯಾತ್ರಾಸ್ಥಳಗಳ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತವೆ. ಕೆಂಪು, ಹಳದಿ, ಬಿಳಿ ಗೆರೆಗಳು ಒಂದರ ಬೆನ್ನಿಗೊಂದು ಸುತ್ತಿಕೊಂಡು ಸಾಗುವ ಈ ವಿನ್ಯಾಸ ನೋಡುವುದಕ್ಕೆ ಸರಳವಾಗಿರುವುದರಿಂದ ಮನೆಯಲ್ಲಿ ಆಭರಣ ಮಾಡಲು ತೊಡಗಿದವರು ಸಾಮಾನ್ಯವಾಗಿ ಇದಕ್ಕೇ ಮೊದಲು ಕೈ ಹಾಕುತ್ತಾರೆ. ಎಳೆ ತುಂಡಾಗುವುದು, ಸುತ್ತು ಏರುಪೇರಾಗುವುದು, ಬೆಸುಗೆ ಹಾಕುವಾಗ ಬೆಳ್ಳಿ ಕರಗಿ ಕುಸಿಯುವುದು, ತೊಟ್ಟ ಕೆಲವೇ ದಿನಗಳಲ್ಲಿ ಹಸಿರು ಕಿಲುಬು ಒಸರುವುದು ಮುಂತಾದ ತೊಂದರೆಗಳು ಆಮೇಲೆ ಒಂದೊಂದಾಗಿ ಎದುರಾಗುತ್ತವೆ. ಕಡಗ ಮಾಡುವುದನ್ನು ಮೊದಲಿನಿಂದ ಕಲಿಸುವುದು ಈ ಬರಹದ ಉದ್ದೇಶವಲ್ಲ. ಕೆಟ್ಟುಹೋದ ಕೆಲಸವನ್ನು ಕೈಯಲ್ಲಿ ಹಿಡಿದು, ಅದು ಯಾವ ಹಂತದಲ್ಲಿ, ಯಾವ ಕಾರಣಕ್ಕೆ ಕೆಟ್ಟಿತು ಎಂದು ಕಂಡುಕೊಳ್ಳುವವರಿಗಾಗಿ ಇದನ್ನು ಬರೆದಿದೆ.

ಒಂದೇ ಲೋಹದ ಹುರಿಗೂ ಹಲವು ಲೋಹಗಳ ಹುರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಹಲವು ಲೋಹಗಳಿರುವಲ್ಲಿ ಒಂದು ಎಳೆಯ ಮೇಲೆ ಕಾಣುವ ದೋಷದ ಕಾರಣ ಹೆಚ್ಚಿನ ಸಲ ಪಕ್ಕದ ಎಳೆಯಲ್ಲಿರುತ್ತದೆ. ತಾಮ್ರದ ಎಳೆ ಸಡಿಲವಾಗಿ ಉಬ್ಬಿದ್ದರೆ ತಪ್ಪಿತಸ್ಥ ಗಡುಸಾದ ಹಿತ್ತಾಳೆ; ಬೆಳ್ಳಿ ಕರಗಿದ್ದರೆ ಅದಕ್ಕೆ ಅಂಟಿಕೊಂಡಿದ್ದ ತಾಮ್ರವೋ ಹಿತ್ತಾಳೆಯೋ ಕಾರಣ. ಆದ್ದರಿಂದ ಕೆಟ್ಟ ಎಳೆಯನ್ನಷ್ಟೇ ನೋಡಿ ತೀರ್ಮಾನಕ್ಕೆ ಬರಬಾರದು.

ಮುಂದೆ ಕೊಟ್ಟಿರುವ ಅಳತೆಗಳೆಲ್ಲ 18 ಗೇಜಿನ, ಎಂದರೆ 1.22 ಮಿ.ಮೀ. ದಪ್ಪದ ಮೂರು ಎಳೆಗಳ ಕಡಗಕ್ಕೆ ಸಂಬಂಧಿಸಿದವು.

ಮೊದಲು ಬಿಡಿ ತಂತಿಯನ್ನು ಪರೀಕ್ಷಿಸಿ

ಯಾವ ದೋಷವೇ ಇರಲಿ, ಹುರಿಯನ್ನು ಮತ್ತೆ ತಿರುಚುವ ಅಥವಾ ಮತ್ತೆ ಕಾಯಿಸುವ ಮೊದಲು ಅದೇ ಸುರುಳಿಯಿಂದ ಉಳಿದಿರುವ ಬಿಡಿ ತಂತಿಯ ತುಂಡುಗಳನ್ನು ಹುಡುಕಿ ಇಟ್ಟುಕೊಳ್ಳಬೇಕು. ನಾಲ್ಕು ಬೆರಳಿನಷ್ಟು ಉದ್ದದ ತುಂಡು ಸಾಕು. ಪ್ರತಿಯೊಂದರ ತುದಿಯನ್ನೂ ಅರದಿಂದ ಓರೆಯಾಗಿ ಉಜ್ಜಿ, ಒಳಗಿನ ಬಣ್ಣವೂ ಹೊರಗಿನ ಬಣ್ಣವೂ ಒಂದೇ ಆಗಿದೆಯೇ ಎಂದು ನೋಡಿ. ಕರಕುಶಲ ಸಾಮಗ್ರಿಯ ಅಂಗಡಿಗಳಲ್ಲಿ ಬೆಳ್ಳಿ ಬಣ್ಣದ ತಂತಿ ಎಂದು ಮಾರುವುದು ಬಹುಮಟ್ಟಿಗೆ ತಾಮ್ರದ ಮೇಲೆ ತೆಳು ಲೇಪ ಕೊಟ್ಟ ತಂತಿ. ಅರ ತಾಗಿದೊಡನೆ ಒಳಗಿನ ಕೆಂಪು ಹೊರಬೀಳುತ್ತದೆ. ತಂತಿ ಕೈಗೆ ತೀರ ಹಗುರವಾಗಿ ಹತ್ತಿದರೆ ಅದು ಅಲ್ಯೂಮಿನಿಯಂ. ಬೆಳ್ಳಿಯ ಸಾಂದ್ರತೆ 10.5 ಆದರೆ ಅಲ್ಯೂಮಿನಿಯಂನದ್ದು 2.7 ಮಾತ್ರ, ಮತ್ತು ಅದು 660 ಡಿಗ್ರಿಗೇ ಕರಗುವುದರಿಂದ ಬೆಂಕಿಯ ಕೆಲಸಕ್ಕೆ ಎಷ್ಟು ಮಾತ್ರಕ್ಕೂ ಆಗದು. ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿಯ ಅಂಶವೇ ಇಲ್ಲ. ಅದು ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಲೋಹ. ಬಹಳ ಗಡುಸಾದ ಈ ತಂತಿಯನ್ನು ಬೆಳ್ಳಿಯೆಂದು ತಿಳಿದು ತಾಮ್ರದ ಜೊತೆ ಹುರಿ ಹಾಕಿದರೆ ಮುಂದಿನ ಭಾಗದಲ್ಲಿ ಹೇಳಿರುವ ದೋಷ ಬಂದೇ ಬರುತ್ತದೆ. ನಿಕಲ್ ಒಗ್ಗದ ಚರ್ಮದವರಿಗೆ ಇದರಿಂದ ತುರಿಕೆಯೂ ಆಗಬಹುದು.

ದಪ್ಪವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲೇ ಅಳೆಯಬೇಕು. ಚೀಟಿಯ ಮೇಲಿನ ಗೇಜ್ ಸಂಖ್ಯೆಯನ್ನು ನಂಬಿ ಕೂರಬಾರದು. ನಮ್ಮ ತಂತಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಬ್ರಿಟಿಷ್ ಗೇಜ್ ಬಳಕೆಯಲ್ಲಿದ್ದರೆ, ಆನ್‌ಲೈನ್‌ನಲ್ಲಿ ತರಿಸಿದ ತಂತಿಯೂ ವಿಡಿಯೋ ಪಾಠಗಳೂ ಅಮೆರಿಕನ್ ಗೇಜನ್ನು ಅನುಸರಿಸುವುದುಂಟು. ಬ್ರಿಟಿಷ್ ಗೇಜಿನ 18 ಎಂದರೆ 1.22 ಮಿ.ಮೀ., ಅಮೆರಿಕನ್ ಗೇಜಿನ 18 ಎಂದರೆ 1.02 ಮಿ.ಮೀ. ಎರಡೂ ಚೀಟಿಗಳಲ್ಲಿ 18 ಎಂದೇ ಇರುತ್ತದೆ, ಆದರೆ ಒಟ್ಟಿಗೆ ಹುರಿ ಹಾಕಿದಾಗ ತೆಳು ಎಳೆ ದಪ್ಪ ಎಳೆಗಳ ನಡುವೆ ಹೂತುಹೋಗಿ ಮೂರು ಬಣ್ಣದ ಗೆರೆಗಳಲ್ಲಿ ಒಂದು ಮಸುಕಾಗುತ್ತದೆ. ಇದನ್ನು ಕೈಚಳಕದ ಕೊರತೆ ಎಂದುಕೊಂಡು ಮತ್ತೆ ಮತ್ತೆ ಹುರಿ ಹಾಕಿ ತಂತಿ ಹಾಳು ಮಾಡುವವರನ್ನು ನೋಡುವಾಗ ಬೇಸರವಾಗುತ್ತದೆ, ಏಕೆಂದರೆ ಅಳತೆ ಹಿಡಿದಿದ್ದರೆ ಒಂದು ನಿಮಿಷದಲ್ಲಿ ಕಾರಣ ಸಿಗುತ್ತಿತ್ತು.

ಒಂದು ಎಳೆ ನೆಟ್ಟಗೆ ನಿಂತು, ಉಳಿದವು ಅದರ ಸುತ್ತ ಹೊಸೆದುಕೊಂಡಿದ್ದರೆ

ಮಿಶ್ರ ಲೋಹದ ಹುರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದು. ಹುರಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನಿಧಾನವಾಗಿ ಉರುಳಿಸಿದರೆ ಹಿತ್ತಾಳೆಯ ಎಳೆ ಕಡ್ಡಿಯಂತೆ ನಡುವೆ ನೆಟ್ಟಗಿರುವುದೂ, ತಾಮ್ರ ಮತ್ತು ಬೆಳ್ಳಿ ಅದನ್ನು ಸುತ್ತಿಕೊಂಡಿರುವುದೂ ಸ್ಪಷ್ಟವಾಗಿ ಕಾಣುತ್ತದೆ. ಸರಿಯಾದ ಹುರಿಯಲ್ಲಿ ಮೂರೂ ಎಳೆಗಳು ಸಮನಾಗಿ ಬಾಗಿರಬೇಕು. ಯಾವುದೂ ನಡುವಿನ ಜಾಗ ಹಿಡಿದಿರಬಾರದು.

ಕಾರಣ ಮೂರರಲ್ಲಿ ಒಂದು. ದಪ್ಪದ ವ್ಯತ್ಯಾಸವನ್ನು ಆಗಲೇ ಹೇಳಿದೆ. ಎರಡನೆಯದು, ಕಟ್ಟುವಾಗ ಒಂದು ಎಳೆಯನ್ನು ಮಾತ್ರ ಹೆಚ್ಚು ಎಳೆದು ಬಿಗಿದಿರುವುದು. ಮೂರನೆಯದೂ ಬಹುಪಾಲು ಸಲ ನಿಜವಾದ ಕಾರಣವೂ ಆಗಿರುವುದು ಹದದ, ಎಂದರೆ ಗಡುಸು-ಮೆದುವಿನ ವ್ಯತ್ಯಾಸ. ಅಂಗಡಿಯಿಂದ ಬಂದ ಹಿತ್ತಾಳೆ ತಂತಿಯನ್ನು ಅಚ್ಚಿನ ಮೂಲಕ ಎಳೆದು ತೆಳುವಾಗಿಸಿರುವುದರಿಂದ ಅದು ಸ್ಪ್ರಿಂಗ್‌ನಷ್ಟು ಗಡುಸಾಗಿರಬಹುದು. ಅದೇ ಅಂಗಡಿಯ ತಾಮ್ರ ಮೆದುವಾಗಿ ಬಂದಿರುತ್ತದೆ. ಗಡುಸು ಎಳೆ ಬಾಗಲು ಒಪ್ಪುವುದಿಲ್ಲ, ಮೆದು ಎಳೆ ಅದರ ಪಾಲಿನ ಬಾಗನ್ನೂ ತಾನೇ ಹೊರುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಸುಲಭದ ದಾರಿಯಿದೆ. ಬಿಡಿ ತುಂಡುಗಳನ್ನು ಒಂದೊಂದಾಗಿ ಮೇಜಿನ ಅಂಚಿನ ಮೇಲೆ ಹಿಡಿದು ಹೆಬ್ಬೆರಳಿನಿಂದ 90 ಡಿಗ್ರಿ ಬಗ್ಗಿಸಿ ಬೆರಳನ್ನು ತೆಗೆಯಿರಿ. ಹದವಾದ ತಂತಿ ಬಗ್ಗಿಸಿದಲ್ಲೇ ಹೆಚ್ಚುಕಡಿಮೆ ನಿಲ್ಲುತ್ತದೆ. ಗಡುಸು ತಂತಿ ಹಿಂದಕ್ಕೆ ಪುಟಿಯುತ್ತದೆ. ಮೂರೂ ತುಂಡುಗಳನ್ನು ಅಕ್ಕಪಕ್ಕ ಇಟ್ಟು ಪುಟಿದ ಕೋನಗಳನ್ನು ಹೋಲಿಸಿದರೆ ಯಾವುದನ್ನು ಕಾಯಿಸಿ ಮೆದು ಮಾಡಬೇಕೆಂಬುದು ಬೇರೆ ಯಾರೂ ಹೇಳದೆಯೇ ತಿಳಿಯುತ್ತದೆ. ಮೂರನ್ನೂ ಒಂದೇ ಹದಕ್ಕೆ ತರುವುದು ಪರಿಹಾರ. ತಂತಿಯನ್ನು ಸುರುಳಿ ಸುತ್ತಿ, ಮಂದ ಬೆಳಕಿನಲ್ಲಿ ಗ್ಯಾಸ್ ಟಾರ್ಚಿನ ಅಗಲವಾದ ಜ್ವಾಲೆಯಲ್ಲಿ ನಸುಗೆಂಪು ಕಾಣುವವರೆಗೆ ಕಾಯಿಸಬೇಕು. ಬಿಸಿಲಿನಲ್ಲಿ ಕುಳಿತು ಈ ಕೆಲಸ ಮಾಡಿದರೆ ನಸುಗೆಂಪು ಕಣ್ಣಿಗೆ ಬೀಳುವುದೇ ಇಲ್ಲ, ಅದು ಕಾಣುವ ಹೊತ್ತಿಗೆ ಬೆಳ್ಳಿ ಅತಿಯಾಗಿ ಕಾದಿರುತ್ತದೆ. ತಾಮ್ರವನ್ನು ಕೆಂಪಗಿರುವಾಗಲೇ ನೀರಿಗೆ ಹಾಕಬಹುದು, 92.5 ಬೆಳ್ಳಿಯನ್ನು (ನೂರರಲ್ಲಿ 92.5 ಪಾಲು ಬೆಳ್ಳಿಯಿರುವ ಮಿಶ್ರಲೋಹವನ್ನು) ಕೆಂಪು ಆರಿದ ಮೇಲೆ ಹಾಕಬೇಕು. ಹಿತ್ತಾಳೆಯನ್ನು ಅದರ ಪಾಡಿಗೆ ಆರಲು ಬಿಡುವುದೇ ಲೇಸು, ಕೆಂಪಗಿರುವಾಗ ನೀರಿಗದ್ದಿದರೆ ಅದರಲ್ಲಿ ಬಿರುಕು ಮೂಡಬಹುದು. ತಂತಿಯನ್ನು ಕಾಯಿಸುವ ಕೆಲಸವನ್ನು ಪ್ರತಿ ಲೋಹಕ್ಕೂ ಬೇರೆ ಬೇರೆಯಾಗಿ, ಹುರಿ ಹಾಕುವ ಮೊದಲೇ ಮುಗಿಸಬೇಕು. ಹುರಿಯಾದ ಮೇಲೆ ಮೂರನ್ನೂ ಒಟ್ಟಿಗೆ ಕಾಯಿಸುವುದರಲ್ಲಿ ಬೇರೆಯೇ ಅಪಾಯವಿದೆ. ಅದನ್ನು ಬೆಸುಗೆಯ ಭಾಗದಲ್ಲಿ ವಿವರಿಸಿದೆ.

ಎಳೆಗಳ ಸಂಖ್ಯೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮೂರು ಎಳೆಗಳು ಒಂದಕ್ಕೊಂದು ಆತುಕೊಂಡು ತಾವಾಗಿ ನಿಲ್ಲುತ್ತವೆ. ನಾಲ್ಕು ಎಳೆ ತೆಗೆದುಕೊಂಡರೆ ನಡುವೆ ಎಳೆಯ ದಪ್ಪದ ಸುಮಾರು 0.4 ಪಟ್ಟು ಅಗಲದ ಪೊಳ್ಳು ಉಳಿಯುತ್ತದೆ, ತಿರುಚುವಾಗ ಯಾವುದಾದರೂ ಒಂದು ಎಳೆ ಅದರೊಳಕ್ಕೆ ಜಾರಲು ನೋಡುತ್ತದೆ. ನಾಲ್ಕು ಎಳೆಯ ಹುರಿ ಪದೇ ಪದೇ ಕುಸಿಯುತ್ತಿದ್ದರೆ ಆ ಪೊಳ್ಳಿನಲ್ಲಿ ಕೂರುವಂಥ ಅರ್ಧ ಮಿ.ಮೀ. ತಾಮ್ರದ ತಂತಿಯೊಂದನ್ನು ನಡುವೆ ಇಟ್ಟು ಸುತ್ತಬೇಕು. ಏಳು ಎಳೆಯಾದರೆ ಒಂದರ ಸುತ್ತ ಆರು ಸರಿಯಾಗಿ ಕೂರುತ್ತವೆ, ಆಗ ನಡುವಿನ ಎಳೆ ನೆಟ್ಟಗಿರುವುದು ದೋಷವಲ್ಲ.

ಸುತ್ತು ಒಂದೆಡೆ ಒತ್ತಾಗಿ, ಇನ್ನೊಂದೆಡೆ ವಿರಳವಾಗಿದ್ದರೆ

ಹುರಿ ಹಾಕುವಾಗ ಎಳೆಗಳ ಒಂದು ತುದಿಯನ್ನು ವೈಸ್‌ನಲ್ಲಿ ಬಿಗಿದು, ಇನ್ನೊಂದನ್ನು ಡ್ರಿಲ್‌ನ ಚಕ್‌ಗೆ, ಎಂದರೆ ಅದರ ಹಿಡಿಬಾಯಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಒತ್ತಾದ ಭಾಗ ಎಲ್ಲಿದೆ ಎಂಬುದನ್ನು ಗಮನಿಸಿದರೆ ಕಾರಣ ಹೊರಬೀಳುತ್ತದೆ. ಡ್ರಿಲ್‌ನ ಕಡೆಯ ತುದಿಯಲ್ಲಿ ಮಾತ್ರ ಒತ್ತಾಗಿದ್ದರೆ ಡ್ರಿಲ್ ತೀರ ವೇಗವಾಗಿ ತಿರುಗಿದೆ, ತಿರುವು ವೈಸ್‌ನ ಕಡೆಗೆ ಹರಡಲು ಅವಕಾಶವಾಗಿಲ್ಲ ಎಂದರ್ಥ. ನಡುವೆ ಎಲ್ಲೋ ಒಂದೆಡೆ ಒತ್ತಾಗಿದ್ದರೆ ಆ ಜಾಗದ ತಂತಿ ಉಳಿದ ಭಾಗಕ್ಕಿಂತ ಮೆದುವಾಗಿದೆ. ಟಾರ್ಚಿನ ಜ್ವಾಲೆ ಅಲ್ಲಿ ಹೆಚ್ಚು ಹೊತ್ತು ನಿಂತಿತ್ತು. ಹುರಿ ಹಾಕುವ ಮೊದಲು ಒಂದು ಎಳೆಯ ಉದ್ದಕ್ಕೂ ಮಾರ್ಕರ್ ಪೆನ್ನಿನಿಂದ ನೇರ ಗೆರೆ ಎಳೆದಿಟ್ಟರೆ ತಿರುಚು ಎಲ್ಲಿ ಶೇಖರವಾಗುತ್ತಿದೆ ಎಂದು ಕೆಲಸ ನಡೆಯುತ್ತಿರುವಾಗಲೇ ಕಾಣುತ್ತದೆ. ಹಿಡಿ ತಿರುಗಿಸುವ ಕೈ ಡ್ರಿಲ್ ಈ ಕೆಲಸಕ್ಕೆ ವಿದ್ಯುತ್ ಡ್ರಿಲ್‌ಗಿಂತ ಉತ್ತಮ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ತಂತಿ ಗಡುಸಾಗುತ್ತಿರುವುದು ಅಂಗೈಗೆ ತಿಳಿಯುತ್ತದೆ.

ಹುರಿ ಇದ್ದಕ್ಕಿದ್ದಂತೆ ಕುಣಿಕೆಯಾಗಿ ಮಡಚಿಕೊಂಡರೆ ಅದು ಎಳೆತ ಸಾಲದ ಲಕ್ಷಣ. ತಿರುಚಿದಂತೆಲ್ಲ ಹುರಿ ಮೋಟಾಗುತ್ತ ಹೋಗುವುದರಿಂದ ಡ್ರಿಲ್ ಹಿಡಿದವರು ಅದಕ್ಕೆ ತಕ್ಕಂತೆ ಮುಂದೆ ಸರಿಯಬೇಕು, ಆದರೆ ಎಳೆತವನ್ನು ಸಡಿಲಿಸಬಾರದು. ಒಮ್ಮೆ ಬಿದ್ದ ಕುಣಿಕೆಯನ್ನು ಇಕ್ಕಳದಿಂದ ನೇರ ಮಾಡಿದರೂ ಆ ಜಾಗ ಉಳಿದ ಭಾಗಕ್ಕಿಂತ ಗಡುಸಾಗಿರುತ್ತದೆ; ಅಲ್ಲಿಗೇ ಕತ್ತರಿಸಿ ಕಡಗದ ಬದಲು ಉಂಗುರಕ್ಕೆ ಬಳಸುವುದು ಒಳ್ಳೆಯದು.

ಎರಡು ಹುರಿಗಳನ್ನು ಸೇರಿಸಿ ಮತ್ತೊಂದು ಹುರಿ ಹಾಕುವಾಗ ಒಳಗಿನ ಸುತ್ತುಗಳು ಬಿಚ್ಚಿಕೊಳ್ಳುತ್ತಿದ್ದರೆ ದೋಷವಿರುವುದು ದಿಕ್ಕಿನಲ್ಲಿ: ಎರಡನೆಯ ಸಲ ಮೊದಲಿನದಕ್ಕೆ ವಿರುದ್ಧವಾಗಿ ತಿರುಗಿಸಿದ್ದೀರಿ. ನಾರಿನ ಹಗ್ಗದಲ್ಲಿ ಅದೇ ಸರಿಯಾದ ಕ್ರಮ, ಏಕೆಂದರೆ ಅಲ್ಲಿ ಎರಡು ತಿರುವುಗಳ ಸೆಣಸಾಟವೇ ಹಗ್ಗವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಲೋಹದ ತಂತಿಯಲ್ಲಿ ಒಳಸುತ್ತು ವಿರಳವಾಗುವುದು ಬೇಡವೆಂದರೆ ಮೊದಲ ಹುರಿಯನ್ನೇ ಅಗತ್ಯಕ್ಕಿಂತ ಒತ್ತಾಗಿ ಹಾಕಿಕೊಳ್ಳಬೇಕು.

ಎಳೆ ತುಂಡಾದಾಗ

ತುಂಡಾದ ತುದಿಯನ್ನು ಎಸೆಯಬೇಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಅದನ್ನು ನೋಡಿದರೆ ಕಾರಣದ ಗುರುತು ಅಲ್ಲೇ ಇರುತ್ತದೆ.

ತುದಿ ಚಪ್ಪಟೆಯಾಗಿ, ಕತ್ತರಿಸಿದಷ್ಟು ನೇರವಾಗಿದ್ದು, ಅದರ ಮುಖದ ಮೇಲೆ ನಡುವಿನಿಂದ ಹೊರಟ ಸುಳಿಯ ಗೆರೆಗಳು ಕಂಡರೆ ತಂತಿಯಲ್ಲಿ ದೋಷವಿರಲಿಲ್ಲ. ಅದು ತಾಳುವಷ್ಟನ್ನೂ ಮೀರಿ ತಿರುಚಲಾಗಿದೆ. ಮೂರು ಎಳೆಯ ಹುರಿಗೆ ಒಂದು ಪೂರ್ಣ ಸುತ್ತಿನ ಉದ್ದ ಎಳೆಯ ದಪ್ಪದ ಐದು ಪಟ್ಟಿನಷ್ಟು, ಎಂದರೆ ಸುಮಾರು 6 ಮಿ.ಮೀ. ಆದಾಗ ಎಳೆಗಳು 36 ಡಿಗ್ರಿಯಷ್ಟು ಓರೆಯಾಗಿ ಬಿಗಿಯಾಗಿ ಕೂತಿರುತ್ತವೆ. ಅದಕ್ಕಿಂತ ಒತ್ತು ಬೇಕಾದರೆ ನಡುವೆ ನಿಲ್ಲಿಸಿ, ಎಚ್ಚರಿಕೆಯಿಂದ ಕಾಯಿಸಿ ಮೆದು ಮಾಡಿಕೊಂಡು ಮುಂದುವರಿಯಬೇಕು.

ತುಂಡಾದ ಜಾಗ ಡ್ರಿಲ್‌ನ ಚಕ್ ಅಥವಾ ವೈಸ್‌ನ ಬಾಯಿಗೆ ಹೊಂದಿಕೊಂಡೇ ಇದ್ದು, ಬದಿಯಲ್ಲಿ ಒಂದು ಕಚ್ಚು ಕಂಡರೆ ಉಕ್ಕಿನ ಹಲ್ಲು ತಂತಿಯನ್ನು ಕಚ್ಚಿದೆ. ತುದಿಗಳಿಗೆ ತಾಮ್ರದ ತೆಳು ತಗಡನ್ನು ಸುತ್ತಿ, ವೈಸ್‌ನಲ್ಲಿ ಮರದ ತುಂಡುಗಳ ನಡುವೆ ಹಿಡಿದರೆ ಇದು ತಪ್ಪುತ್ತದೆ.

ಮುರಿದ ಮುಖ ಸಕ್ಕರೆಯಂತೆ ಕಾಳುಕಾಳಾಗಿ ಹೊಳೆಯುತ್ತಿದ್ದು, ಪಕ್ಕದ ಮೈ ಕಿತ್ತಳೆ ಸಿಪ್ಪೆಯಷ್ಟು ಒರಟಾಗಿದ್ದರೆ ಆ ಎಳೆಯನ್ನು ಹಿಂದೆ ಅತಿಯಾಗಿ ಕಾಯಿಸಲಾಗಿದೆ. ಲೋಹದೊಳಗಿನ ಹರಳುಗಳು ದೊಡ್ಡದಾಗಿ ಬೆಳೆದು ಅವುಗಳ ನಡುವೆಯೇ ಬಿರುಕು ಹರಿದಿದೆ. ಇದಕ್ಕೆ ಮನೆಯಲ್ಲಿ ಮಾಡಬಹುದಾದ ಮದ್ದಿಲ್ಲ. ಆ ಸುರುಳಿಯನ್ನು ಕರಗಿಸಿ ಹೊಸದಾಗಿ ತಂತಿ ಎಳೆಯಬೇಕು, ಇಲ್ಲವೇ ಬದಲಾಯಿಸಬೇಕು.

ತಾಮ್ರ ಮಾತ್ರ ಕಾಯಿಸಿದ ಮೇಲೆ ಮೆದುವಾಗುವ ಬದಲು ಪುಟುಕ್ಕೆಂದು ಮುರಿಯುತ್ತಿದ್ದರೆ ಆ ತಂತಿ ಎಲ್ಲಿಂದ ಬಂತೆಂದು ಕೇಳಿಕೊಳ್ಳಿ. ಮನೆಯ ವೈರಿಂಗ್‌ನಿಂದ ಬಿಚ್ಚಿದ ತಾಮ್ರವನ್ನು ಬಳಸುವವರು ಬಹಳ. ವಿದ್ಯುತ್ ತಂತಿಯ ತಾಮ್ರದಲ್ಲಿ ಸಾಮಾನ್ಯವಾಗಿ ಅತ್ಯಲ್ಪ ಪ್ರಮಾಣದ ಆಮ್ಲಜನಕ ಉಳಿದಿರುತ್ತದೆ. ಅನಿಲ ಹೆಚ್ಚಾಗಿ ಗಾಳಿ ಕಡಿಮೆಯಿರುವ ಹಳದಿ ಜ್ವಾಲೆಯಲ್ಲಿ ಅದನ್ನು ಬಹಳ ಹೊತ್ತು ಕಾಯಿಸಿದರೆ ಜ್ವಾಲೆಯ ಜಲಜನಕ ಲೋಹದೊಳಕ್ಕೆ ಇಳಿದು, ಅಲ್ಲಿನ ಆಮ್ಲಜನಕದೊಡನೆ ಸೇರಿ ಆವಿಯಾಗುತ್ತದೆ. ಹೊರಬರಲಾಗದ ಆ ಆವಿಯೇ ತಾಮ್ರವನ್ನು ಒಳಗಿನಿಂದ ಸೀಳುತ್ತದೆ. ಜ್ವಾಲೆಗೆ ಗಾಳಿಯನ್ನು ಹೆಚ್ಚಿಸಿ, ಬೇಗ ಕಾಯಿಸಿ ಮುಗಿಸಿದರೆ ಅದೇ ತಂತಿ ಸರಿಯಾಗಿ ವರ್ತಿಸುತ್ತದೆ. ಮೋಟಾರಿನ ಸುರುಳಿಯಿಂದ ಬಿಚ್ಚಿದ ತಂತಿಯಂತೂ ಬೇಡ: ಅದರ ಮೇಲಿನ ಎನಾಮಲ್ ಸುಟ್ಟಾಗ ಬರುವ ಹೊಗೆ ಕೆಟ್ಟದ್ದು.

ಕಡಗ ಅಳತೆಗಿಂತ ಚಿಕ್ಕದಾದರೆ

ಇದು ಲೆಕ್ಕದ ದೋಷ. ಒಂದು ಸುತ್ತಿಗೆ 6 ಮಿ.ಮೀ. ಬರುವಂತೆ ಹುರಿ ಹಾಕಿದರೆ ಅಷ್ಟು ಉದ್ದಕ್ಕೆ ಪ್ರತಿ ಎಳೆಯೂ ಸುಮಾರು 7.5 ಮಿ.ಮೀ. ತಂತಿಯನ್ನು ನುಂಗುತ್ತದೆ, ಎಂದರೆ ಉದ್ದದಲ್ಲಿ ಐದನೆಯ ಒಂದು ಭಾಗ ಇಳಿಯುತ್ತದೆ. 2.6 ಅಳತೆಯ, ಎಂದರೆ 2 ಇಂಚು ಮತ್ತು ಇಂಚಿನ ಹದಿನಾರರಲ್ಲಿ 6 ಪಾಲಿನ ಬಳೆಯ ಒಳವ್ಯಾಸ 60.3 ಮಿ.ಮೀ. ಮೂರೆಳೆ ಹುರಿಯ ದಪ್ಪ ಸುಮಾರು 2.6 ಮಿ.ಮೀ. ಇರುವುದರಿಂದ ಅದನ್ನೂ ಒಳವ್ಯಾಸಕ್ಕೆ ಕೂಡಿಸಿ 3.14ರಿಂದ ಗುಣಿಸಿದರೆ 198 ಮಿ.ಮೀ. ಹುರಿ ಬೇಕೆಂದಾಗುತ್ತದೆ, ಅದಕ್ಕೆ ಬಿಡಿ ತಂತಿ 247 ಮಿ.ಮೀ. ಬೇಕು. ಹಿಡಿತದಲ್ಲಿ ಹಾಳಾಗುವ ತುದಿಗಳನ್ನು ಸೇರಿಸಿ 300 ಮಿ.ಮೀ. ಕತ್ತರಿಸಿಕೊಂಡರೆ ಕೊರತೆಯಾಗುವುದಿಲ್ಲ.

ಬೆಸುಗೆ ಹಾಕುವಾಗ ಬೆಳ್ಳಿ ಕುಸಿದರೆ

ಕಡಗದ ಎರಡು ತುದಿಗಳನ್ನು ಕೂಡಿಸುವ ಹೊತ್ತಿಗೆ, ಬೆಸುಗೆ ಹರಿಯುವ ಮೊದಲೇ ಬೆಳ್ಳಿಯ ಎಳೆ ತಾಮ್ರದೊಳಕ್ಕೆ ಇಳಿದಂತಾಗಿ, ಗೆರೆಗಳ ನಡುವಿನ ಸಂದು ಮುಚ್ಚಿ, ಮೇಲ್ಮೈ ಒದ್ದೆಯಾದಂತೆ ಹೊಳೆಯುವುದುಂಟು. ಬೆಳ್ಳಿ 962 ಡಿಗ್ರಿಗೆ ಕರಗುತ್ತದೆ, ತಾಮ್ರ 1085 ಡಿಗ್ರಿಗೆ, ನಾನು ಅಷ್ಟು ಬಿಸಿ ಕೊಟ್ಟೇ ಇಲ್ಲ ಎಂದು ಹೊಸಬರು ವಾದಿಸುತ್ತಾರೆ. ಅವರು ಕೊಟ್ಟ ಅಂಕಿಗಳು ಸರಿ, ಆದರೆ ಅವು ಒಂಟಿ ಲೋಹಗಳ ಅಂಕಿಗಳು. ಬೆಳ್ಳಿಯೂ ತಾಮ್ರವೂ ಒಂದನ್ನೊಂದು ಮುಟ್ಟಿಕೊಂಡಿರುವ ಗೆರೆಯಲ್ಲಿ ಅವೆರಡರ ಮಿಶ್ರಣ 779 ಡಿಗ್ರಿಗೇ ದ್ರವವಾಗಲು ತೊಡಗುತ್ತದೆ. ಸುಮಾರು 72 ಪಾಲು ಬೆಳ್ಳಿ, 28 ಪಾಲು ತಾಮ್ರ ಇರುವ ಮಿಶ್ರಣಕ್ಕೆ ಕರಗುವ ಬಿಂದು ಎಲ್ಲಕ್ಕಿಂತ ಕಡಿಮೆ. ಹುರಿ ಹಾಕಿದಾಗ ಎಳೆಗಳು ಉದ್ದಕ್ಕೂ ಒತ್ತಿಕೊಂಡಿರುವುದರಿಂದ ಕಡಗದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಇಂಥ ಗೆರೆ ಇದ್ದೇ ಇರುತ್ತದೆ.

ಹಿತ್ತಾಳೆ ಸೇರಿದರೆ ಪರಿಸ್ಥಿತಿ ಇನ್ನೂ ನಾಜೂಕಾಗುತ್ತದೆ. ಹಿತ್ತಾಳೆಯಲ್ಲಿ ತಾಮ್ರದೊಡನೆ ಸತುವಿದೆ. ಬೆಳ್ಳಿ, ತಾಮ್ರ, ಸತು ಮೂರೂ ಸೇರಿದ ಮಿಶ್ರಣವನ್ನೇ ಅಕ್ಕಸಾಲಿಗರು ಬೆಳ್ಳಿಯ ಬೆಸುಗೆಯಾಗಿ ಬಳಸುವುದು. ಹೀಗಾಗಿ ಬೆಳ್ಳಿಯ ಎಳೆ ಹಿತ್ತಾಳೆಯನ್ನು ಮುಟ್ಟುವಲ್ಲೆಲ್ಲ ನೀವು ಹಾಕದ ಬೆಸುಗೆಯೊಂದು ಹುಟ್ಟಲು ಸಿದ್ಧವಾಗಿರುತ್ತದೆ. ಇದು ಅರ್ಥವಾದರೆ ಮುಂದಿನ ಎಚ್ಚರಿಕೆಗಳೆಲ್ಲ ತಾವಾಗಿ ಹೊಳೆಯುತ್ತವೆ.

ಬಿಸಿಯನ್ನು ಅಂದಾಜು ಮಾಡಲು ಫ್ಲಕ್ಸ್ ಆಗಿ, ಎಂದರೆ ಬೆಸುಗೆ ಚೆನ್ನಾಗಿ ಹರಿಯಲೆಂದು ಹಚ್ಚುವ ಬಿಳಿಗಾರ ನೆರವಾಗುತ್ತದೆ, ಆದರೆ ಎಚ್ಚರಿಕೆ ಬೇಕು. ಬರಿಯ ಬಿಳಿಗಾರ ಮೊದಲು ಉಬ್ಬಿ ಬೆಳ್ಳಗೆ ಅರಳುತ್ತದೆ. ಅದು ಪೂರ್ತಿ ಕರಗಿ ಗಾಜಿನಂತೆ ತಿಳಿಯಾಗುವುದು 740 ಡಿಗ್ರಿಯ ಆಸುಪಾಸಿನಲ್ಲಿ. ಎಂದರೆ ಇಡೀ ಕಡಗದ ಮೇಲೆ ಬಿಳಿಗಾರ ತಿಳಿಯಾದ ಹೊತ್ತಿಗೆ ಬೆಳ್ಳಿ ಮತ್ತು ತಾಮ್ರದ ಗೆರೆಗೆ ಉಳಿದಿರುವುದು 40 ಡಿಗ್ರಿಯಷ್ಟು ಅಂತರ ಮಾತ್ರ. ಹುರಿಯನ್ನು ಮೆದು ಮಾಡಲು ಕಾಯಿಸುವಾಗ ಬಿಳಿಗಾರ ಬೆಳ್ಳಗೆ ಅರಳಿದ ಸ್ಥಿತಿಯನ್ನು ದಾಟಿ ಗಾಜಾಗಲು ಬಿಡಲೇಬಾರದು. ಬೆಸುಗೆಗೆ 700 ಡಿಗ್ರಿಯ ಹತ್ತಿರ ಹರಿಯುವ ಬಗೆಯನ್ನು ಆರಿಸಿ, ಅದಕ್ಕೆ ಹೊಂದುವ, ಕಡಿಮೆ ಬಿಸಿಗೇ ತಿಳಿಯಾಗುವ ಫ್ಲಕ್ಸ್ ಬಳಸಬೇಕು. ಕೆಡಿಎಂ ಎಂದು ಕರೆಯುವ ಕ್ಯಾಡ್ಮಿಯಂ ಬೆಸುಗೆ ಸುಲಭವಾಗಿ ಹರಿಯುತ್ತದೆಂಬ ಕಾರಣಕ್ಕೆ ಅದನ್ನು ತರಬೇಡಿ. ಅದರ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ, ಮನೆಯೊಳಗೆ ಅದಕ್ಕೆ ಜಾಗವಿಲ್ಲ.

ಕೆಲವರಲ್ಲಿ ಹಿತ್ತಾಳೆಯ ಎಳೆ ಮಾತ್ರ ಮೊದಲು ಕೆಂಪಾಗಿ, ಅದರಿಂದ ಬಿಳಿ ಹೊಗೆ ಏಳುತ್ತದೆ. ಹಿತ್ತಾಳೆ ಶಾಖವನ್ನು ಸಾಗಿಸುವ ಶಕ್ತಿ ತಾಮ್ರದ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸಿದಾಗ ತಾಮ್ರವೂ ಬೆಳ್ಳಿಯೂ ಶಾಖವನ್ನು ದೂರಕ್ಕೆ ಒಯ್ಯುತ್ತವೆ, ಹಿತ್ತಾಳೆ ಅಲ್ಲೇ ಹಿಡಿದುಕೊಂಡು ಬೇಯುತ್ತದೆ. ಬಿಳಿ ಹೊಗೆ ಅದರಿಂದ ಹೊರಬಿದ್ದ ಸತುವಿನದು. ಅದನ್ನು ಉಸಿರಾಡಿದವರಿಗೆ ಕೆಲ ಗಂಟೆಗಳ ನಂತರ ಚಳಿಜ್ವರ ಬರುವುದುಂಟು. ಹೊಗೆ ಕಂಡ ಕ್ಷಣವೇ ಜ್ವಾಲೆಯನ್ನು ತೆಗೆಯಿರಿ. ಇಡೀ ಕಡಗವನ್ನು ಜ್ವಾಲೆಯನ್ನು ಆಡಿಸುತ್ತ ಸಮನಾಗಿ ಬಿಸಿ ಮಾಡಿ, ಕೊನೆಯ ಕೆಲವು ಸೆಕೆಂಡು ಮಾತ್ರ ಸಂಧಿಯ ಕಡೆಗೆ ತಿರುಗಿಸುವುದು ಸರಿಯಾದ ಕ್ರಮ.

ಬೆಸುಗೆ ಸಂಧಿಯಲ್ಲಿ ನಿಲ್ಲದೆ ಎಳೆಗಳ ನಡುವಿನ ಸಂದಿನಲ್ಲಿ ಓಡಿಹೋಗಿ ತಾಮ್ರಕ್ಕೆ ಬಿಳಿ ಬಳಿದರೆ ಬೆಸುಗೆಯ ತುಣುಕು ದೊಡ್ಡದಾಗಿತ್ತು ಮತ್ತು ಸಂಧಿಗಿಂತ ಅದರ ಆಚೆಯ ಭಾಗ ಹೆಚ್ಚು ಕಾದಿತ್ತು. ಬೆಸುಗೆ ಯಾವಾಗಲೂ ಬಿಸಿಯ ಕಡೆಗೆ ಹರಿಯುತ್ತದೆ, ಸಂದು ಅದಕ್ಕೆ ಕಾಲುವೆಯಾಗುತ್ತದೆ. ಸಂಧಿಯ ಎರಡೂ ಕಡೆ ಎರಡು ಮಿ.ಮೀ. ಬಿಟ್ಟು ಕಾವಿ ಮಣ್ಣನ್ನು ನೀರಿನಲ್ಲಿ ಕದಡಿ ಸಂದುಗಳಿಗೆ ಹಚ್ಚಿದರೆ ಬೆಸುಗೆ ಅದನ್ನು ದಾಟುವುದಿಲ್ಲ. ಕಾವಿ ಸಂಧಿಯೊಳಕ್ಕೆ ಇಳಿದರೆ ಅಲ್ಲಿಯೂ ಬೆಸುಗೆ ಹಿಡಿಯುವುದಿಲ್ಲ, ಆದ್ದರಿಂದ ಸಣ್ಣ ಕುಂಚದಲ್ಲಿ ಹಚ್ಚಿ.

ಕಾಯಿಸಿದ ಬೆಳ್ಳಿಯಲ್ಲಿ ಬೂದು ಬಣ್ಣದ ಸಣ್ಣ ಗುಳಿಗಳು ತಿಂದುಹೋದಂತೆ ಕಂಡರೆ ಹಿಂದೆಂದೋ ತಗುಲಿದ ಸೀಸ ಅಥವಾ ತವರ ಅಲ್ಲಿದೆ. ರೇಡಿಯೋ ರಿಪೇರಿಯ ಬೆಸುಗೆಗೆ ಬಳಸಿದ ಅರವನ್ನೋ ಚಿಮಟವನ್ನೋ ಇಲ್ಲಿಯೂ ಬಳಸಿರುತ್ತೀರಿ. ಗುಳಿ ಬಿದ್ದ ಭಾಗವನ್ನು ಕತ್ತರಿಸಿ ತೆಗೆಯದೆ ಬೇರೆ ದಾರಿಯಿಲ್ಲ.

ಕುಸಿದ ಹುರಿಯನ್ನು ಮೊದಲಿನ ರೂಪಕ್ಕೆ ತರಲಾಗುವುದಿಲ್ಲ. ಆದರೆ ಗೆರೆಗಳ ಆಕಾರ ಉಳಿದು, ಎಳೆಗಳು ಮುಟ್ಟುವಲ್ಲಿ ಮಾತ್ರ ಅಂಟಿಕೊಂಡಿದ್ದರೆ ಅದನ್ನು ದೋಷವೆಂದು ಎಸೆಯಬೇಕಿಲ್ಲ. ಅಂಥ ಕಡಗ ಇನ್ನಷ್ಟು ಗಟ್ಟಿಯಾಗಿರುತ್ತದೆ. ಅದನ್ನು ಮತ್ತೆ ತಿರುಚಲು ಮಾತ್ರ ಹೋಗಬಾರದು.

ಬಣ್ಣ ಕೆಟ್ಟರೆ

ಕಾಯಿಸಿದಾಗ ಕೂತ ಕಪ್ಪನ್ನು ಬಿಡಿಸಲು ಕಡಗವನ್ನು ಆಮ್ಲದಲ್ಲಿ ಅದ್ದಿ ತೆಗೆದ ಮೇಲೆ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿ ತಾಮ್ರಕ್ಕೂ ಅದಕ್ಕೂ ವ್ಯತ್ಯಾಸವೇ ಕಾಣದಂತಾದರೆ ಗಾಬರಿ ಬೇಡ. ಮೇಲ್ಪದರದ ಸತು ಆಮ್ಲದಲ್ಲಿ ಕರಗಿ, ತಾಮ್ರದ ತೆಳು ಪೊರೆ ಉಳಿದಿದೆ. ಹಿತ್ತಾಳೆಯ ಬ್ರಷ್ಷಿಗೆ ಸೋಪಿನ ನೀರು ಹಾಕಿ ಉಜ್ಜಿದರೆ ಹಳದಿ ಮರಳುತ್ತದೆ.

ಬೆಳ್ಳಿಯೂ ಗುಲಾಬಿಯಾಗಿದ್ದರೆ ಕಾರಣ ಬೇರೆ: ಆಮ್ಲದೊಳಗೆ ಕಬ್ಬಿಣ ಬಿದ್ದಿದೆ. ಉಕ್ಕಿನ ಚಿಮಟ, ಬೆಸುಗೆಗೆಂದು ಕಟ್ಟಿ ಬಿಚ್ಚಲು ಮರೆತ ಕಬ್ಬಿಣದ ತಂತಿ ಇವು ಸಾಮಾನ್ಯ ಅಪರಾಧಿಗಳು. ಆಮ್ಲದಲ್ಲಿ ಕರಗಿದ್ದ ತಾಮ್ರ ಕಬ್ಬಿಣದ ಸಂಪರ್ಕದಿಂದ ಬೆಳ್ಳಿಯ ಮೇಲೆ ಕೂತುಕೊಳ್ಳುತ್ತದೆ. ಕಬ್ಬಿಣವನ್ನು ತೆಗೆದು, ಸಿಟ್ರಿಕ್ ಆಮ್ಲದ ಹೊಸ ದ್ರಾವಣಕ್ಕೆ ಔಷಧಿ ಅಂಗಡಿಯ 3 ಪ್ರತಿಶತ ಹೈಡ್ರೋಜನ್ ಪೆರಾಕ್ಸೈಡನ್ನು ಬೆರೆಸಿ ಅದ್ದಿದರೆ ಆ ಪೊರೆ ಹೋಗುತ್ತದೆ. ಈ ದ್ರಾವಣ ತಾಮ್ರದ ಎಳೆಯನ್ನೂ ತಿನ್ನುವುದರಿಂದ ಪಕ್ಕದಲ್ಲೇ ನಿಂತು ನೋಡುತ್ತಿದ್ದು, ಬೆಳ್ಳಿ ಬಿಳಿಯಾದೊಡನೆ ತೆಗೆದುಬಿಡಬೇಕು. ಮರದ ಅಥವಾ ಪ್ಲಾಸ್ಟಿಕ್ ಚಿಮಟವನ್ನೇ ಬಳಸಿ.

ಕಡಗ ಮುಗಿದು ಕೆಲವು ದಿನಗಳಾದ ಮೇಲೆ ಎಳೆಗಳ ಸಂದಿನಿಂದ ಮಾತ್ರ ಹಸಿರು ಒಸರಿದರೆ ಒಳಗೆ ಆಮ್ಲ ಉಳಿದಿದೆ. ಮೇಲಿನಿಂದ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಅದರಲ್ಲಿ ಕಡಗವನ್ನು ಹತ್ತು ನಿಮಿಷ ಕುದಿಸಿ, ಬಳಿಕ ಬರಿ ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ಒರೆಸಿ ಒಣಗಿಸಬೇಕು. ಹಸಿರು ಸಂದಿನಲ್ಲಷ್ಟೇ ಇರದೆ ಮೈಗೆ ತಾಗುವ ಕಡೆಯೆಲ್ಲ ಹಬ್ಬಿದ್ದರೆ ಅದು ಬೆವರಿನ ಕೆಲಸ. ಬೆವರಿನ ಉಪ್ಪು ನೀರಿನಲ್ಲಿ ಬೆಳ್ಳಿಯ ಪಕ್ಕದಲ್ಲಿರುವ ತಾಮ್ರ ಮತ್ತು ಹಿತ್ತಾಳೆ ಒಂಟಿಯಾಗಿರುವಾಗ ಸವೆಯುವುದಕ್ಕಿಂತ ಬೇಗ ಸವೆಯುತ್ತವೆ. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಇದು ಬೇಗ ಕಾಣಿಸುತ್ತದೆ. ರಾತ್ರಿ ಬಿಚ್ಚಿ ಒರೆಸಿಡುವುದು, ಆಗಾಗ ಜೇನುಮೇಣವನ್ನು ತೆಳ್ಳಗೆ ಸವರುವುದು ಇಷ್ಟೇ ಉಪಾಯ.

ತಿಂಗಳುಗಳ ನಂತರ ಹಿತ್ತಾಳೆ ತಾನಾಗಿ ಸೀಳಿದರೆ

ಯಾರೂ ಬಗ್ಗಿಸದೆ, ಪೆಟ್ಟಿಗೆಯಲ್ಲಿಟ್ಟಿದ್ದ ಕಡಗದ ಹಿತ್ತಾಳೆಯ ಎಳೆಯಲ್ಲಿ ಮಾತ್ರ ಕೂದಲೆಳೆಯ ಬಿರುಕುಗಳು ಕಾಣಿಸಿಕೊಂಡರೆ ಅದು ಹಳೆಯ, ಚೆನ್ನಾಗಿ ಅರ್ಥವಾಗಿರುವ ದೋಷ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೇನೆಯ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಹೀಗೆಯೇ ಬಿರಿಯುತ್ತಿದ್ದವು. ಕುದುರೆ ಲಾಯದ ಸಗಣಿ ಗಂಜಳದಿಂದ ಏಳುವ ಅಮೋನಿಯಾ, ಗಾಳಿಯ ತೇವ ಮತ್ತು ತೋಟಾ ರೂಪಿಸುವಾಗ ಲೋಹದೊಳಗೆ ಉಳಿದುಹೋದ ಬಿಗುವು ಈ ಮೂರೂ ಕೂಡಿದಾಗ ಹಿತ್ತಾಳೆ ಸೀಳುತ್ತದೆ ಎಂಬುದನ್ನು 1921ರಲ್ಲಿ ವಿವರಿಸಲಾಯಿತು. ತಿರುಚಿದ ತಂತಿಯಲ್ಲಿ ಬಿಗುವು ತುಂಬಿಕೊಂಡಿರುತ್ತದೆ. ಅಮೋನಿಯಾ ಇಂದು ಕೂದಲಿಗೆ ಹಚ್ಚುವ ಬಣ್ಣ, ಗಾಜು ಒರೆಸುವ ದ್ರವಗಳಲ್ಲಿ ಸಿಗುತ್ತದೆ. ಮಳೆಗಾಲ ಹೇಗೂ ಇದೆ.

ಬಿರುಕು ಬಿಟ್ಟ ಎಳೆಗೆ ಬೆಸುಗೆ ತುಂಬಿದರೆ ಅದರ ಪಕ್ಕದಲ್ಲೇ ಮತ್ತೊಂದು ಬಿರುಕು ತೆರೆಯುತ್ತದೆ, ಆದ್ದರಿಂದ ಆ ಕಡಗವನ್ನು ಬಿಚ್ಚಿ ಹಿತ್ತಾಳೆಯನ್ನು ಬದಲಾಯಿಸಬೇಕು. ಹೊಸ ಕಡಗಕ್ಕೆ ಹುರಿ ಹಾಕುವುದು, ಬಗ್ಗಿಸುವುದು, ಕೊಡತಿಯಿಂದ ತಟ್ಟಿ ದುಂಡಗೆ ಮಾಡುವುದು ಎಲ್ಲ ಮುಗಿದ ಮೇಲೆ ಮನೆಯ ಓವನ್‌ನಲ್ಲಿ 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಓವನ್ನಿನೊಳಗೇ ಆರಲು ಬಿಡಿ. ಆ ಬಿಸಿಗೆ ಹಿತ್ತಾಳೆ ಮೆದುವಾಗುವುದಿಲ್ಲ, ಒಳಗಿನ ಬಿಗುವು ಮಾತ್ರ ಇಳಿಯುತ್ತದೆ. ಮೈ ಕಪ್ಪಾದರೆ ಹುಣಸೆಹಣ್ಣಿನ ನೀರಿನಲ್ಲಿ ಉಜ್ಜಿ, ಸೋಡಾ ನೀರಿನಲ್ಲಿ ತೊಳೆದರೆ ಮೂರೂ ಬಣ್ಣ ಮತ್ತೆ ಬೇರೆ ಬೇರೆಯಾಗಿ ಕಾಣುತ್ತವೆ.